ಎಲ್ಲಿಯವಳು ಎಂಬ ಕಾಗದ

ಅಕ್ಟೋಬರ್ 3, 1955. ಸೋಮವಾರ. ಧನಗೆರೆ

ಎಂದಿನಂತೆ ಬೆಳಿಗ್ಗೆ ಅಪ್ಪನಿಗೆ ಪತ್ರಿಕೆ ಓದಿ ಹೇಳಿದೆ. ನಿನ್ನೆಯದು. ಮೈಸೂರಿನಿಂದ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು, ಅಲ್ಲಿಂದ ಯಾರದೋ ಸೈಕಲ್ ಹಿಡಿದು ನಮ್ಮೂರು ಮುಟ್ಟುವಷ್ಟರಲ್ಲಿ ಯಾವತ್ತೂ ನಿನ್ನೆಯದೇ. ಕನ್ನಡಕ ಹಾಕಿದರೂ ಅಪ್ಪನಿಗೆ ಸಣ್ಣಕ್ಷರ ಕಾಣದು. ಮೊದಲು ಮಳೆ, ಆಮೇಲೆ ರೇಷ್ಮೆಗೂಡಿನ ಧಾರಣೆ, ಆಮೇಲೆ ರಾಜ್ಯ ಪುನರ್ವಿಂಗಡಣೆ. ಕ್ರಮ ತಪ್ಪಿದರೆ ಸಿಟ್ಟು.

ಓದುತ್ತಿರುವಾಗಲೇ ಟಪಾಲಿನವನು ಬಂದ. ಉದ್ದನೆಯ ಲಕೋಟೆ. ಕೋಯಮತ್ತೂರು ಸರ್ಕಾರಿ ಆಸ್ಪತ್ರೆ. ಸ್ಟಾಫ್ ನರ್ಸ್. ನವೆಂಬರ್ ಒಂದು, ಬೆಳಿಗ್ಗೆ ಹತ್ತಕ್ಕೆ ಹಾಜರಾಗಬೇಕು; ತಪ್ಪಿದರೆ ಹುದ್ದೆ ಪಟ್ಟಿಯಲ್ಲಿ ಮುಂದಿನವರಿಗೆ. ಮೂರೂವರೆ ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ಕಲಿತ ಮೇಲೆ ಮೊದಲ ಕೆಲಸ. ತರಬೇತಿಯ ಸರ್ಟಿಫಿಕೇಟ್ ಇದೆ. ರಿಜಿಸ್ಟ್ರೇಷನ್ ಇದೆ. ಬೇಕಾದದ್ದು ಒಂದೇ—ನಾನು ಮದ್ರಾಸ್ ರಾಜ್ಯದವಳು ಎಂದು ತಹಸೀಲ್ದಾರರು ಕೊಡುವ ನೇಟಿವಿಟಿ ಸರ್ಟಿಫಿಕೇಟ್. ನಮ್ಮ ಕೊಳ್ಳೇಗಾಲ ತಾಲ್ಲೂಕು ಇನ್ನೂ ಮದ್ರಾಸಿಗೇ ಸೇರಿದ್ದು; ಎರಡು ದಿನದ ಕೆಲಸ.

ಅಪ್ಪ ಎರಡು ಸಲ ಓದಿಸಿದರು. "ಇರು, ನೋಡಾನ" ಅಂದರು.

ನರ್ಸಿಂಗಿಗೆ ಕಳಿಸಿದ್ದು ಇದೇ ಅಪ್ಪ. ದೇಶಕ್ಕೆ ನರ್ಸುಗಳು ಸಾಲದು ಎಂದು ಪತ್ರಿಕೆಯಲ್ಲಿ ಬಂದಿತ್ತು. ಲಿಂಗ ಕಟ್ಟಿದ ಹೆಣ್ಣು ಕಂಡವರ ಗಾಯ ತೊಳೆಯುವುದೇ ಎಂದು ಊರೆಲ್ಲ ಅಂದಿತು. ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ನೋಡಾನ. ಏನು ನೋಡುವುದು?

ಅ. 5, ಬುಧವಾರ

ಮನೆಗೆ ಬಂದವರೆಲ್ಲ ಒಂದೊಂದು ಬುದ್ಧಿವಾದ ಬಿಟ್ಟು ಹೋಗುತ್ತಿದ್ದಾರೆ.

ಅವ್ವ: "ಅಲ್ಲಿ ಉಣ್ಣದೇನು ಕೂಸೆ? ಮೀನ್ ಬೇಯ್ಸಿದ್ ಪಾತ್ರೇಲೇ ಅನ್ನ ಮಾಡಿರ್ತಾರೆ."

ಮೈಸೂರಿನಲ್ಲೂ ಮೂರೂವರೆ ವರ್ಷ ಮೆಸ್ಸೇ ತಾನೇ ಅಂದೆ.

"ಅದು ಮೈಸೂರು ಕಣ್ ಬುಡು."

ಮೈಸೂರಿನ ಮೀನಿಗೆ ಬೇರೆ ಶಾಸ್ತ್ರವಿರಬೇಕು.

ಚಿಕ್ಕಪ್ಪ ಚಿಕ್ಕಮಾದಪ್ಪ ಜಗಲಿಯ ಮೇಲೆ ಕೂತು: "ಅಲ್ಲೆಲ್ಲ ತಮಿಳು ಕಣವ್ವ. ನೀನು ಸೂಜಿ ಚುಚ್ಚು, ಅವ್ರು ಬಯ್ಯಲಿ. ನಿಂಗೊಂದ್ ಅಕ್ಸರ ಗೊತ್ತಾಗಕಿಲ್ಲ."

"ಒಳ್ಳೇದೇ ಆಯ್ತಲ್ಲ ಚಿಕ್ಕಪ್ಪ."

ಅವರು ನಕ್ಕರು. ಅಪ್ಪ ನಗಲಿಲ್ಲ. ನನಗೆ ವಲಿಕ್ಕುದಾ ಎಂದು ಕೇಳಲು ಬರುತ್ತದೆ—ನೋಯುತ್ತದೆಯೇ ಎಂದು. ಬಯಪ್ಪಡಾದೀಂಗ, ಹೆದರಬೇಡಿ, ಅದೂ ಬರುತ್ತದೆ. ಶುರುವಿಗೆ ಇಷ್ಟು ಸಾಕು.

ಕೊನೆಗೆ ಎಲ್ಲರದೂ ಒಂದೇ ಪಲ್ಲವಿ: ತಡಿ, ನಮ್ಮ ತಾಲ್ಲೂಕು ಮೈಸೂರಿಗೆ ಸೇರುತ್ತದೆ, ಆಗ ಕೊಳ್ಳೇಗಾಲದಲ್ಲೇ ಕೆಲಸ.

ಅ. 6, ಗುರುವಾರ

ಊಹೆ ಸಾಕೆಂದು ಕೊಳ್ಳೇಗಾಲಕ್ಕೆ ಹೋಗಿ ಆಸ್ಪತ್ರೆಯ ಕಾಂಪೌಂಡರ್ ನಿಂಗಯ್ಯನವರನ್ನೇ ಕೇಳಿದೆ. ನರ್ಸ್ ಹುದ್ದೆ ಒಂದು. ಈಗ ಅದರಲ್ಲಿರುವವರು ನಿವೃತ್ತರಾಗಲು ಇನ್ನೂ ಆರು ವರ್ಷ.

"ರಾಜ್ಯ ಬದ್ಲಾದ್ರೆ ಬೋರ್ಡ್ ಬದ್ಲಾಯ್ತದೆ ಕಣವ್ವ. ಕುರ್ಚಿ ಅದೇ ಒಂದು."

ಮನೆಯಲ್ಲಿ ಹೇಳಿದೆ. ಅಪ್ಪ: "ಅಂವ ಬರೀ ಕಾಂಪೌಂಡರು."

ಅ. 7, ಶುಕ್ರವಾರ

ತಾಲ್ಲೂಕು ಕಚೇರಿ. ಗುಮಾಸ್ತ ಸದಾಶಿವಪ್ಪ. ಫಾರಂ ತುಂಬಿ ಕೊಟ್ಟೆ. ಅರ್ಧಕ್ಕೇ ಅವರ ಪೆನ್ನು ನಿಂತಿತು.

"ಉಟ್ಟಿದ್ದು ಯಳಂದೂರು ಅಂತ ಬರ್ದಿದ್ದೀಯ."

"ಹೌದು ಸಾ. ಅವ್ವನ ತವರು."

"ಅದು ಮೈಸೂರು ರಾಜ್ಯ ಅಲ್ವೇನವ್ವ."

ಧನಗೆರೆಯಿಂದ ಯಳಂದೂರಿಗೆ ಗಾಡಿಯಲ್ಲಿ ಹೊರಟರೆ ಎತ್ತು ಒಂದು ಸಲ ನೀರು ಕುಡಿಯುವಷ್ಟು ದೂರ. ಮೊದಲ ಬಾಣಂತನ ತವರಿನಲ್ಲಿ. ಇದು ಯಾರಿಗೆ ಗೊತ್ತಿಲ್ಲ? ಹೇಳಿದೆ.

"ನಂಗ್ ಗೊತ್ತಿಲ್ವ? ನಾನೂ ಅಲ್ಲೇ ಸಂತೇಮರಳ್ಳಿ ಕಡೆ ಉಟ್ಟೋನು. ನಂಗ್ ಗೊತ್ತು, ಫಾರಂಗೆ ಗೊತ್ತಿಲ್ಲ."

ಹುಟ್ಟಿದ ದಾಖಲೆಯ ನಕಲು ಯಳಂದೂರಿನಿಂದ ತರಬೇಕಂತೆ. ತಂದೆ ಈ ತಾಲ್ಲೂಕಿನವರೆಂದು ಅದರಲ್ಲೇ ಇದ್ದರೆ ಮುಂದಿನ ಮಾತು. ಹೋದ ವರ್ಷ ಮೈಸೂರಿನಲ್ಲಿ ಹುದ್ದೆಗೆ ಅರ್ಜಿ ಹಾಕಿದಾಗ, ತಂದೆ ಮದ್ರಾಸ್ ರಾಜ್ಯದವರು ಎಂದು ತಿರಸ್ಕರಿಸಿದ್ದರು. ಈಗ ಇಲ್ಲಿ, ಹುಟ್ಟಿದ್ದು ಮೈಸೂರು ರಾಜ್ಯ. ಅವ್ವ ಹೆರಿಗೆ ನೋವು ತಡೆದುಕೊಂಡು ಗಡಿಯ ಚೆಕ್‌ಪೋಸ್ಟಿನ ಹತ್ತಿರ ಹೆತ್ತಿದ್ದರೂ ಯಾವ ಕಡೆಗೆ ವಾಲಿದಳು ಎಂದು ಕೇಳುತ್ತಿದ್ದರು.

ಅ. 12, ಬುಧವಾರ

ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಹೊರಬಿದ್ದಿದೆ. ಮೊನ್ನೆ ಸಂಜೆಯೇ ರೇಡಿಯೋ ಕೇಳಿದವರು ಪಟಾಕಿ ಹೊಡೆದರಂತೆ. ಇವತ್ತು ಪತ್ರಿಕೆ. ಅಪ್ಪ ಮಳೆಯನ್ನೂ ಧಾರಣೆಯನ್ನೂ ಬಿಟ್ಟು ನೇರ ಅಲ್ಲಿಗೇ ಬಂದರು. ಕೊಳ್ಳೇಗಾಲ ತಾಲ್ಲೂಕು ಕನ್ನಡ ರಾಜ್ಯಕ್ಕೆ.

"ಇನ್ನೇನದೆ? ಬಂತಲ್ಲ!"

"ಶಿಫಾರಸು ಅಂತ ಇದೆ ಅಪ್ಪ. ತಾರೀಕು ಇಲ್ಲ. ಪಾರ್ಲಿಮೆಂಟು ಒಪ್ಪಬೇಕು ಅಂತಾನೂ ಇದೆ."

"ಪೇಪರ್ನಲ್ಲಿ ಬಂದ್ಮೇಲೆ ಬಂದಂಗೇ."

ಓದುವಾಗ ಒಂದು ಅಕ್ಷರ ಬಿಟ್ಟರೆ ಹಿಂದಕ್ಕೆ ಓದಿಸುವ ಮನುಷ್ಯ. ಇವತ್ತು ತಮಗೆ ಬೇಕಾದ ಒಂದು ಸಾಲು ಇಟ್ಟುಕೊಂಡು ಉಳಿದದ್ದನ್ನು ಮಡಚಿಟ್ಟರು.

ಕನ್ನಡ ರಾಜ್ಯ ನನಗೂ ಬೇಕು. ಆದರೆ ನವೆಂಬರ್ ಒಂದು ಇನ್ನು ಇಪ್ಪತ್ತು ದಿನ.

ಅ. 13, ಗುರುವಾರ. ಯಳಂದೂರು

ಚೆಕ್‌ಪೋಸ್ಟಿನಲ್ಲಿ ಕಾನ್‌ಸ್ಟೇಬಲ್ ನನ್ನ ಚೀಲ ತೆರೆಸಿದ. ಟಿಂಚರ್ ಬಾಟಲಿ. ಸಾರಾಯಿಯೋ ಎಂದು ಬಿರಡೆ ತೆಗೆದು ಮೂಸಿದ. ಇನ್ನೊಬ್ಬನನ್ನು ಕರೆದ, ಅವನೂ ಮೂಸಿದ. ಕುಡಿದು ನೋಡಿ, ಸತ್ತರೆ ಟಿಂಚರ್ ಅಂತ ಬರಕೊಳ್ಳಿ ಅಂದೆ. ಬಸ್ಸಿನವರು ನಕ್ಕರು. ಬಿಟ್ಟ.

ಸೋದರಮಾವ ಶಿವಮಲ್ಲಪ್ಪ ಜೊತೆಗೆ ಬಂದು ರಿಜಿಸ್ಟರ್ ತೆಗೆಸಿದರು. ಒಂದೂವರೆ ಗಂಟೆ ಧೂಳು. ಸಿಕ್ಕಿತು. 'ಹೆಣ್ಣು ಮಗು. ತಂದೆ ಕೆಂಪನಂಜಪ್ಪ. ವಾಸ: ಧನಗೆರೆ, ಕೊಳ್ಳೇಗಾಲ ತಾಲ್ಲೂಕು.' ಇಪ್ಪತ್ತಮೂರು ವರ್ಷದಿಂದ ಹೀಗೇ ಬಿದ್ದುಕೊಂಡಿದೆ, ಸ್ಪಷ್ಟವಾಗಿ. ಮುದ್ರೆ ಹಾಕಿಸಿಕೊಂಡೆ.

ಮಾವ ಬಸ್ಸು ಹತ್ತಿಸುತ್ತಾ: "ನಿಮ್ಮಪ್ಪ ಒಪ್ಪವ್ನಾ?"

"ಬೇಡ ಅಂದಿಲ್ಲ."

"ಅಂಗಂದ್ರೆ ಒಪ್ಪಿಲ್ಲ ಬುಡು" ಅಂದರು.

ಅ. 14, ಶುಕ್ರವಾರ

ಸದಾಶಿವಪ್ಪ ನಕಲನ್ನು ಮೆಚ್ಚಿಕೊಂಡರು. ಇನ್ನೊಂದೇ ಬಾಕಿ: ತಂದೆ ಖುದ್ದಾಗಿ ತಹಸೀಲ್ದಾರರ ಮುಂದೆ ಬಂದು, ಇವಳು ನನ್ನ ಮಗಳು, ನಾವು ಧನಗೆರೆಯವರು ಎಂದು ಸಹಿ ಹಾಕಬೇಕು. ಬೇರೆ ಯಾರು ಹಾಕಿದರೂ ನಡೆಯದು.

ಅಪ್ಪ: "ಹುಳ ಅಣ್ಣಾಗವೆ. ಚಂದ್ರಂಕಿಗೆ ಬುಡ್ಬೇಕು. ಈಗೆಂಗ್ ಬರನ?"

ಹಣ್ಣಾದ ರೇಷ್ಮೆಹುಳು ಬಿದಿರಿನ ಚಂದ್ರಂಕಿಯಲ್ಲಿ ಗೂಡು ಕಟ್ಟಲು ಕಾಯುವುದಿಲ್ಲ, ನಿಜ. ಮೂರು ದಿನ ಕೊಟ್ಟೆ.

ಅ. 17, ಸೋಮವಾರ

ಹುಳು ಮುಗಿಯಿತು. ಈಗ ದೇವರು. ಬಸವೇಶ್ವರನ ಗುಡಿಯಲ್ಲಿ ಹೂ ಕೇಳಬೇಕಂತೆ. ದೇವರ ಎರಡು ಭುಜಕ್ಕೂ ಒದ್ದೆ ಹೂ ಇಟ್ಟು ಕಾಯುವುದು. ಬಲಗಡೆಯದು ಬಿದ್ದರೆ ಹೋಗು, ಎಡಗಡೆಯದು ಬಿದ್ದರೆ ಬೇಡ. ನಮ್ಮ ಮನೆಯಲ್ಲಿ ಬಾವಿ ತೋಡಿದ್ದೂ ಅತ್ತೆಯ ಮದುವೆ ಮಾಡಿದ್ದೂ ಹೂ ಕೇಳಿಯೇ. ಒಪ್ಪಿದೆ. ಎಡಕ್ಕೆ ಬಿದ್ದರೆ ಏನು ಮಾಡುತ್ತಿದ್ದೆನೋ, ಬರೆಯುವುದಿಲ್ಲ.

ಅಪ್ಪ, ಅವ್ವ, ನಾನು. ಪೂಜಾರಿ ಶಿವರುದ್ರಸ್ವಾಮಿ ಹೂ ಇಟ್ಟರು. ಏಳೂವರೆಯಿಂದ ಒಂಬತ್ತೂಕಾಲು. ಯಾವುದೂ ಬೀಳಲಿಲ್ಲ. ಕಾಲು ಜೋಮು ಹಿಡಿಯಿತು. ಅವ್ವ ತೂಕಡಿಸಿದಳು.

ಪೂಜಾರಿ: "ದ್ಯಾವ್ರು ಯೋಚ್ನೆ ಮಾಡ್ತಾವ್ನೆ. ಮುಂದಿನ್ ಸ್ವಾಮಾರ ಬನ್ನಿ."

ದೇವರೂ ವಾಯಿದೆ ಹಾಕಿದ.

ಅ. 24, ಸೋಮವಾರ

ಬೀಳಲಿಲ್ಲ. ಎರಡು ಗಂಟೆ. ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು. ದೀಪ ಎರಡು ಸಲ ಆರಿತು. ಹೂ ಅಲುಗಲಿಲ್ಲ.

ನಾಳೆಯಿಂದ ಕಚೇರಿಗೆ ದಸರಾ ರಜೆ. ಶುಕ್ರವಾರ ತೆರೆಯುತ್ತದೆ.

ಅ. 27, ಗುರುವಾರ. ಬೆಳಿಗ್ಗೆ

ಪೂಜಾರಿ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು ಕುಂಟುತ್ತಾ ಬಂದರು. ಕೀವು ಕಟ್ಟಿತ್ತು. ಬಿಸಿನೀರಲ್ಲಿ ತೊಳೆದು, ಮುಳ್ಳಿನ ಮೊನೆ ತೆಗೆದು, ಟಿಂಚರ್ ಹಚ್ಚಿದೆ. ನಾನು ಏನೂ ಕೇಳಿರಲಿಲ್ಲ. ಹತ್ತಿ ಮುಟ್ಟಿಸಿದ್ದೇ ತಡ—

"ಅಯ್ಯಯ್ಯೋ, ಉರಿಸ್ಬ್ಯಾಡ ಕಣವ್ವ! ನಂದೇನ್ ತಪ್ಪಿಲ್ಲ, ನಿಮ್ಮಪ್ಪನೇ ಯೇಳಿದ್ದು!"

"ಏನು ಹೇಳಿದ್ದು?"

"ಊವ ಬರೀ ನೀರಲ್ಲಿ ಮಡಗ್ಬ್ಯಾಡ, ಗಂಧ ಗಟ್ಯಾಗಿ ತೇದು ಅಂಟ್ಸು ಅಂತ. ಎರಡ್ ಕಡೆಗೂವೆ."

ಟಿಂಚರ್ ಎಲ್ಲರಿಗೂ ಉರಿಯುತ್ತದೆ. ಹೇಳಲಿಲ್ಲ. ಇನ್ನೊಂದು ಸಲ ಹಚ್ಚಿದೆ. ಗಾಯಕ್ಕೆ ಬೇಕಾಗಿತ್ತು.

ಅದೇ ದಿನ. ಮಧ್ಯಾಹ್ನ

ಅಪ್ಪ ಖಾಲಿಯಾದ ಚಂದ್ರಂಕಿಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಹೋಗಿ ಎದುರಿಗೆ ನಿಂತೆ. ಗಂಧದ ವಿಷಯ ಅಂದೆ.

ಸುಳ್ಳು ಹೇಳಲಿಲ್ಲ. ಅದೊಂದು ಅವರಿಗೆ ಬರುವುದಿಲ್ಲ.

"ಬಲಕ್ಕೆ ಬಿದ್ರೆ ಕಳಿಸ್ಬೇಕಾಯ್ತದೆ. ಎಡಕ್ಕೆ ಬಿದ್ರೆ ನಿನ್ ಓದ್ನೆಲ್ಲ ನಾನೇ ಮಣ್ ಮಾಡ್ದಂಗಾಯ್ತದೆ. ಯಾವ್ದೂ ಬೀಳ್ದಿದ್ರೆ ತಾರೀಕು ತಂತಾನೇ ಕಳ್ದೋಯ್ತದೆ ಅನ್ಕಂಡೆ."

"ದೇವರ ಹತ್ರಾನೂ?"

"ದ್ಯಾವ್ರು ಸುಮ್ಕಿದ್ದ. ನೀನೇ ಗದರ್ತಿರೋದು."

ನಗು ಬಂತು. ಬಂದದ್ದಕ್ಕೇ ಇನ್ನೂ ಸಿಟ್ಟು ಬಂತು. ಇವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಬಿಡುವುದಿಲ್ಲ.

"ಮೈಸೂರಿಗೆ ಕಳಿಸಿದಾಗ ಇಷ್ಟೆಲ್ಲ ಇರಲಿಲ್ವಲ್ಲ ಅಪ್ಪ."

"ಆಗ ನೀನು ಕಲ್ತು ಬತ್ತೀಯ ಅಂತ ಕಳಿಸ್ದೆ." ಚಂದ್ರಂಕಿಯ ಎಳೆ ಕೀಳುತ್ತಾ ನಿಂತರು. "ಈಗ ಹೋದ್ರೆ, ಹೋದಂಗೇ."

ಇರುವ ಸಂಗತಿಯಷ್ಟನ್ನೇ ಹೇಳಿದೆ.

"ನಾಳೆ ಶುಕ್ರವಾರ. ಕಚೇರಿ ತೆರೆಯುತ್ತೆ. ಏಳು ಗಂಟೆ ಬಸ್ಸಿಗೆ ಬರ್ತೀರೋ ಇಲ್ವೋ, ಬಾಯಲ್ಲಿ ಹೇಳಿ. ಗಂಧ ಬೇಡ."

ಅಪ್ಪ ಇನ್ನೊಂದು ಚಂದ್ರಂಕಿ ಎತ್ತಿಕೊಂಡರು. ಅವರಿಲ್ಲದೆ ಸಹಿ ಇಲ್ಲ, ಸಹಿ ಇಲ್ಲದೆ ಕಾಗದವಿಲ್ಲ, ಕಾಗದವಿಲ್ಲದೆ ಕೋಯಮತ್ತೂರಿಲ್ಲ. ನಾನು ಹೋಗುವವಳು ಎಂದು ನಿರ್ಧರಿಸಿ ಆಗಿದೆ. ಅದು ಸಾಲದು ಎನ್ನುವುದೇ...

ಅ. 28, ಶುಕ್ರವಾರ

ಆರೂವರೆಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಇಟ್ಟು, ಮದುವೆಗೆ ಹೋಗುವ ಕೋಟು ತೊಟ್ಟು ಜಗಲಿಯಲ್ಲಿ ಕೂತಿದ್ದರು. ಏಳರ ಬಸ್ಸು ಹತ್ತಿದೆವು.

ಕಚೇರಿ. ಸದಾಶಿವಪ್ಪ ತಲೆ ಕೆರೆದುಕೊಂಡರು. "ಸಾಯೇಬ್ರು ಅನೂರು ಕ್ಯಾಂಪು. ಸ್ವಾಮಾರ ಬತ್ತಾರೆ."

ಸೋಮವಾರ ಮೂವತ್ತೊಂದು. ಕೋಯಮತ್ತೂರಿಗೆ ಒಂದು ಹಗಲು ಪೂರ್ತಿ ಪ್ರಯಾಣ. ನನಗೆ ನಿಂತಲ್ಲೇ ಕೂಗಬೇಕೆನಿಸಿತು. ಇವರಿಗೆ ಇದೇ ಬೇಕಿತ್ತು, ಈಗ ಮನೆಗೆ ಹೊರಡುತ್ತಾರೆ ಎಂದುಕೊಂಡೆ.

ಅಪ್ಪ ಕೋಟಿನ ಗುಂಡಿ ಹಾಕಿದರು. "ಅನೂರೇನು ಕಾಸೀನಾ? ಕೊಡ್ರಿ ಆ ಫಾರಂ. ನಡಿ ಮಗ."

ಹನೂರು ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗುವ ಭಕ್ತರು ತುಂಬಿದ್ದರು. ನಿಂತೇ ಹೋದೆವು. ಟ್ರಾವೆಲರ್ಸ್ ಬಂಗಲೆಯ ಮುಂದೆ ತಹಸೀಲ್ದಾರರು ಜೀಪು ಹತ್ತುತ್ತಿದ್ದರು. ಅಪ್ಪ ಜೀಪಿನ ಮುಂದೆ ಹೋಗಿ ನಿಂತುಬಿಟ್ಟರು.

"ಏನ್ರೀ?"

"ಸೈನು ಸಾ. ಮಗಳ್ದು."

ತಹಸೀಲ್ದಾರರು ಓದಿದರು. ಕೋಯಮತ್ತೂರಾ ಎಂದರು. "ಅಷ್ಟು ದೂರ ಕಳಿಸ್ತೀರಾ? ಇನ್ನೇನು ಈ ತಾಲ್ಲೂಕು ಮೈಸೂರಿಗೆ ಸೇರುತ್ತಲ್ಲ?"

ಅಪ್ಪ "ಅದು ಬರೀ ಸಿಪಾರಸು ಸಾ. ತಾರೀಕಿಲ್ಲ" ಅಂದರು.

ಜೀಪಿನ ಬಾನೆಟ್ ಮೇಲೆ ಅಪ್ಪನೂ ತಹಸೀಲ್ದಾರರೂ ಸಹಿ ಹಾಕಿದರು. ಬಾನೆಟ್ ಕಾದಿತ್ತು. ಕಾಗದದ ಮೂಲೆ ಸುರುಳಿಯಾಯಿತು. ಅಪ್ಪ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಒತ್ತಿ ನೇರ ಮಾಡುತ್ತಿದ್ದರು.

ಅ. 31, ಸೋಮವಾರ. ಸತ್ಯಮಂಗಲ, ಬಸ್ ಸ್ಟ್ಯಾಂಡ್

ಟ್ರಂಕು ಮೇಲೆ ಹಾಕಿಸಲು ಅಂತ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದ ಅಪ್ಪ ಇಳಿಯಲಿಲ್ಲ. "ಸತ್ಯಮಂಗಲದ ಗಂಟ ಬತ್ತೀನಿ" ಅಂದರು. ಘಾಟಿಯ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡರು. ಈಗ ಮಜ್ಜಿಗೆ ಕುಡಿಸಿದ್ದೇನೆ. ವಾಪಸು ಬಸ್ಸು ಇಲ್ಲೇ ನಿಂತಿದೆ, ತೋರಿಸಿದೆ.

"ಕಾಣ್ತದೆ" ಅಂದರು. ಕೋಯಮತ್ತೂರಿನ ಬಸ್ಸಿನಲ್ಲಿ ಟವೆಲ್ಲು ಹಾಕಿ ಜಾಗ ಹಿಡಿದಿದ್ದಾರೆ. ಎರಡು ಜಾಗ.

ನವೆಂಬರ್ 1, ಮಂಗಳವಾರ. 9.40. ಆಸ್ಪತ್ರೆ

ಮೇಟ್ರನ್ ಕೋಣೆಯ ಹೊರಗೆ ಬೆಂಚು. ಇನ್ನೂ ಮೂರು ಹುಡುಗಿಯರಿದ್ದಾರೆ, ಎಲ್ಲ ತಮಿಳು. ಒಬ್ಬಳು ನನ್ನನ್ನು ನೋಡಿ ನಕ್ಕಳು. ಫಿನೈಲ್ ವಾಸನೆ. ಮೈಸೂರಿನದೇ ವಾಸನೆ—ಅಷ್ಟಕ್ಕೇ ಧೈರ್ಯ ಬಂತು.

ಮತ್ತೊಂದು ಫಾರಂ. ಹೆಸರು ಪುಟ್ಟಬಸಮ್ಮ, ಊರು ಧನಗೆರೆ. ರಾಜ್ಯ?

ಅಪ್ಪ ಬಗ್ಗಿ ನೋಡಿದರು. "ಪೆನ್ಸಿಲ್ನಲ್ಲಿ ಬರಿ" ಅಂದರು. ಮುಖ ನೋಡಿದೆ, ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ಮದ್ರಾಸ್ ಎಂದು ಇಂಕಿನಲ್ಲೇ ಬರೆದೆ.

ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಅಪ್ಪ ಕೇಳುತ್ತಾರೆ. ದೀಪಾವಳಿಗೆ ರಜೆ ಕೊಡುತ್ತಾರಾ ಅಂತ. ನಿಮ್ಮಷ್ಟೇ ನನಗೂ ಗೊತ್ತು ಅಂದೆ. ತಮ್ಮ ಬಸ್ಸು ಹನ್ನೊಂದಕ್ಕೆ ಎಂದು ಮೂರನೇ ಸಲ ಹೇಳಿದರು.

ಹತ್ತಕ್ಕೆ ಎರಡು ನಿಮಿಷ. ಬಾಗಿಲು ತೆರೆದು ನನ್ನ ಹೆಸರು ಕೂಗಿದರು. ನನಗಿಂತ ಮೊದಲು ಅಪ್ಪ ಎದ್ದು ನಿಂತರು.