ಬೀದರಿನಲ್ಲಿರುವ ಮಷೀನು

ಜಹೀರಾಬಾದ್,
೨೭ ಸೆಪ್ಟೆಂಬರ್ ೨೦೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅವ್ವಾ,

ಶರಣು. ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೇ? ಚಿಗವ್ವನ ಮನೆಯ ಮೆಟ್ಟಿಲು ಎತ್ತರ, ಬಿಸಿನೀರಿನ ಕೊಡ ಹೊತ್ತು ಹತ್ತಿಳಿಯಬೇಡ. ಬಾಣಂತಿ ರುಕ್ಮಿಣಿ ಚಿಗವ್ವ ಎದ್ದು ಓಡಾಡುತ್ತಾಳೆಯೇ? ಕೂಸು ಯಾರ ಹಾಗಿದೆ? ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ಸುದ್ದಿ ಬರೆಯಬೇಕೆಂದು ತಾಂಡೂರಿನ ಹಾಸ್ಟೆಲಿನಲ್ಲಿ ಐದು ವರ್ಷ ಕಲಿಸಿದ್ದಾರೆ, ಅದಕ್ಕೇ ಇಷ್ಟು ಕೇಳಿದೆ. ನಿಜವಾಗಿ ಬರೆಯಬೇಕಾದ್ದು ಅಪ್ಪನ ಸುದ್ದಿ.

ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಫೋನು ಇರುವುದು ಅಂಗಡಿಯಲ್ಲಿ, ಅಪ್ಪ ಇರುವುದು ಅದರ ಪಕ್ಕದಲ್ಲಿ. ಮೇಲಾಗಿ "ನಿಮ್ಮವ್ವಗ ಫೋನಿನ್ಯಾಗ ಏನರೆ ಹೇಳಿದ್ರ ನನ್ನ ಆಣಿ ನೋಡು" ಎಂದು ಪ್ರಾಮಿಸ್ ಮಾಡಿಸಿಕೊಂಡಿದ್ದಾರೆ. ಕಾಗದದಲ್ಲಿ ಬರೆಯಬೇಡ ಎಂದು ಅಂದಿಲ್ಲ. ಇದು ಚೀಟಿಂಗ್ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಹೌದೆಂದು ಅನಿಸಿದರೂ ಬರೆಯುತ್ತೇನೆ.

ತೆಲಂಗಾಣ ಬೇಕೆಂದು ಎಲ್ಲರೂ ಕೆಲಸ ನಿಲ್ಲಿಸಿ ಸಮ್ಮೆ ಶುರುಮಾಡಿದಾಗಿನಿಂದ ನಮ್ಮ ಪಾಲಿಟೆಕ್ನಿಕ್ಕಿಗೆ ಬೀಗ. ಫಸ್ಟ್ ಇಯರಿನಲ್ಲಿ ಈವರೆಗೆ ನಾನು ಕಲಿತದ್ದು ರೆಸಿಸ್ಟರಿನ ಬಣ್ಣಗಳನ್ನಷ್ಟೇ, ಆದರೂ ದಿನಾ ಹೋಗಿ ಅಪ್ಪನ ಅಂಗಡಿಯಲ್ಲಿ ಕೂರುತ್ತೇನೆ. ಬಸ್ಸುಗಳಿಲ್ಲ, ಜನ ಹೈವೇ ಮೇಲೇ ಒಲೆ ಹೂಡಿ ಅಡುಗೆ ಮಾಡಿ ಉಣ್ಣುತ್ತಿದ್ದಾರೆ, ಕರೆಂಟು ಇದ್ದಷ್ಟು ಹೊತ್ತು ಎಲ್ಲರಿಗೂ ನ್ಯೂಸ್ ಬೇಕು. ಹಾಗಾಗಿ ಅಂಗಡಿಯ ತುಂಬ ಕೆಟ್ಟ ಟಿ.ವಿ.ಗಳು. ಇಪ್ಪತ್ತು ವರ್ಷ ಒಂದು ಸೋಲ್ಡರಿಂಗ್ ಐರನ್, ಕರಗಿದ ಬೆಸುಗೆ ಹೀರುವ ಒಂದು ಕೈಪಂಪಿನಲ್ಲೇ ಕೆಲಸ ಮಾಡಿದ ಅಪ್ಪ, ಹೋದ ವಾರ ಇದ್ದಕ್ಕಿದ್ದಂತೆ ಹೊಸ ಮಷೀನು ತರಬೇಕು ಅಂದರು. ಹೈದರಾಬಾದಿನ ಡೀಲರೊಬ್ಬನ ಪುಸ್ತಕ ನನ್ನ ಕೈಗಿಟ್ಟು "ನೀ ಇಂಗ್ಲಿಷ್ ಕಲತಾಕಿ, ನೀನೇ ಓದಿ ಛಲೋದು ಆರಿಸವಾ" ಅಂದರು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ! ಮೊದಲನೆಯದು ಬರೀ ಐರನ್, ಕಾವು ಹೆಚ್ಚು ಕಡಿಮೆ ಮಾಡುವ ತಿರುಪು ಇದೆ. ಎರಡನೆಯದು ಬಿಸಿಗಾಳಿ ಊದುತ್ತದೆ, ಮೊಬೈಲ್ ರಿಪೇರಿಗೆ ಒಳ್ಳೆಯದು. ಮೂರನೆಯದಕ್ಕೆ ಪಿಸ್ತೂಲಿನಂಥ ಹಿಡಿಕೆ, ತುದಿ ಟೊಳ್ಳು. ಬೆಸುಗೆ ಕರಗಿಸಿ ಅಲ್ಲೇ ತಾನೇ ಹೀರಿಕೊಳ್ಳುತ್ತದೆ, ಕೈಪಂಪು ಬೇಕಿಲ್ಲ. ಅಪ್ಪ ಅದೇ ಪುಟವನ್ನು ಮೂರು ಸಲ ಓದಿಸಿದರು. ನಾನು ಮೂರನೆಯ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದಾಗ ಪಕ್ಕದ ಚಿತ್ರ ನೋಡಿ "ಹ್ಞೂಂ, ಇದು ಭಾರಿ ಅದ" ಅಂದರು. ನಾನು ನಕ್ಕುಬಿಟ್ಟೆ ಅವ್ವಾ.

ಐರನ್ನು ಕಾದಿದೆಯೋ ಇಲ್ಲವೋ ಎಂದು ಅಪ್ಪ ಅದರ ತುದಿಯನ್ನು ಬಲಗೆನ್ನೆಯ ಹತ್ತಿರ ತಂದು ನೋಡುತ್ತಾರಲ್ಲ, ಎರಡು ಬೆರಳಿನಷ್ಟು ದೂರದಲ್ಲಿ ಹಿಡಿದು, ನೀನು ಯಾವಾಗಲೂ ಬೈಯುವುದು ಅದಕ್ಕೇ. ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿ ಅಂಗಡಿಗೆ ಬಂದರು, ಹಣೆಯ ಮೇಲೆ ಎಂದಿನಂತೆ ಮೂರು ಪಟ್ಟೆ ವಿಭೂತಿ, ಬಲಗೆನ್ನೆಯ ಮೇಲೂ ದಪ್ಪಗೆ ಒಂದು ಪಟ್ಟೆ. ಮೂರು ದಿನದಿಂದ ತನ್ನ ಟಿ.ವಿ.ಗೆ ಅಲೆಯುತ್ತಿರುವ ಸಾಬಮ್ಮ ಸುಮ್ಮನಿರುತ್ತಾಳೆಯೇ? "ಏನ್ರಿ ಕಾಶಿನಾಥಪ್ಪ, ಬಸ್ಸಿನವ್ರ ಸಂಗಟ ನೀವೂ ಸಮ್ಮಿಗಿ ಕುಂತೀರಿ ಅಂದ್ಕೊಂಡಿದ್ದೆ, ಗಲ್ಲಕ್ಕೂ ಈಬತ್ತಿ ಬಂದಾದ, ಸ್ವಾಮಿಗೋಳೇ ಆಗಾಕ ಹೊಂಟೀರೇನು?" ಎಂದಳು. ಅಪ್ಪ ನಕ್ಕರು. ಮಧ್ಯಾಹ್ನದ ಬೆವರಿಗೆ ಆ ಪಟ್ಟೆ ಕರಗಿತು. ಅದರ ಕೆಳಗೆ ಕಡಲೆಕಾಳಿನಷ್ಟು ಸುಟ್ಟ ಗಾಯ, ಐರನ್ನಿನ ತುದಿಯದೇ ಆಕಾರ.

ನಾನು ಅತ್ತುಬಿಟ್ಟೆ. ಆಗ ಹೇಳಿದರು. "ಬಲಗಣ್ಣಿನ ಮೂಲ್ಯಾಗ ಕರೇ ಪರದಾ ಇಳದಂಗ ಆಗ್ಯಾದ, ನಾಕು ದಿನಾ ಆತು. ನೋವಿಲ್ಲ, ಏನಿಲ್ಲ, ಅಂಜಬ್ಯಾಡ." ಆ ಪರದೆ ಶನಿವಾರ ಮೂಲೆಯಲ್ಲಿತ್ತು. ದಿನಾ ಎಲ್ಲಿಗೆ ಬಂತೆಂದು ಕೇಳುತ್ತೇನೆ. ಇವತ್ತು ಅರ್ಧಕ್ಕೆ ಬಂದಿದೆ. ಒಂದು ಕೈಯ ಐರನ್ನು, ಇನ್ನೊಂದು ಕೈಯ ಪಂಪು ಒಂದೇ ಚುಕ್ಕೆಯ ಮೇಲೆ ಕೂಡುತ್ತಿಲ್ಲ, ಕಾವು ತಪ್ಪಿ ತಗುಲಿ ಸಾಬಮ್ಮನ ಟಿ.ವಿ. ಬೋರ್ಡಿನ ತಾಮ್ರದ ಗೆರೆ ಎದ್ದುಬಂದಿದೆ. ಅದಕ್ಕೇ ತಾನೇ ಹೀರುವ ಮಷೀನು. ಅದು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅಪ್ಪ ನಂಬಿದ್ದಾರೆ. ಕಣ್ಣು ತೋರಿಸೋಣ ಅಂದರೆ "ಸಮ್ಮಿ ಮುಗೀಲಿ, ದಸರಾ ಆಗಲಿ, ಆಮ್ಯಾಗ ತೋರ್ಸಿದ್ರ ಆತು" ಅನ್ನುತ್ತಾರೆ.

ನಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಲಕ್ಷ್ಮಿಬಾಯಿ ನೆನಪಿದೆಯೇ, ನೀನು ಬಂದಾಗಲೆಲ್ಲ ನಿನಗೆ ಬಿಸಿ ರೊಟ್ಟಿ ಕೊಡುತ್ತಿದ್ದಳಲ್ಲ? ಅವಳಿಗೂ ಹೀಗೇ ಪರದೆ ಇಳಿದಿತ್ತು, ನೋವಿರಲಿಲ್ಲ, ದಸರಾ ರಜೆ ಬರಲಿ ಅಂದಿದ್ದಳು. ರಜೆ ಬರುವಷ್ಟರಲ್ಲಿ ಆ ಕಣ್ಣು ಹೋಗಿತ್ತು. ಎಂಟು ದಿನ ಮೊದಲೇ ಬರಬೇಕಿತ್ತು ಎಂದು ಡಾಕ್ಟರು ಅಂದರಂತೆ. ನಾನಿದನ್ನು ಅಪ್ಪನಿಗೆ ಹೇಳಿದೆ. "ಆಕಿ ಹೊಗ್ಯಾಗ ಕುಂದ್ರಾಕಿ, ನಂದು ಬ್ಯಾರೆ" ಎಂದು ಮಾತು ಮುಗಿಸಿದರು.

ನಿನ್ನೆ ಹೈವೇ ದಾಟುವಾಗ ಅಪ್ಪ ನನ್ನ ಕೈ ಹಿಡಿದುಕೊಂಡರು. ನನ್ನನ್ನು ದಾಟಿಸುವವರ ಹಾಗೆಯೇ ಹಿಡಿದರು, ನಾನೂ ಸಣ್ಣವಳ ಹಾಗೆ ನಡೆದೆ. ಬಲಗಡೆಯಿಂದ ಟ್ರ್ಯಾಕ್ಟರು ಬಂದಾಗ ಎಳೆದವಳು ನಾನು.

ಚಿಗವ್ವನಿಗೆ ನನ್ನ ಶರಣು ಹೇಳು, ಕೂಸಿಗೆ ಒಂದು ಮುದ್ದು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಉಣ್ಣುತ್ತಿದ್ದೇನೆ, ಅಪ್ಪನಿಗೂ ಬಡಿಸುತ್ತಿದ್ದೇನೆ.

ನಿನ್ನ ಮಗಳು,
ಮಯೂರಿ

ಮರೆತೆ, ಅಲ್ಲ, ಮರೆತಿಲ್ಲ, ಬರೆಯಲು ಹೆದರಿದೆ: ಮಷೀನು ಆರಿಸಿದ್ದೇನೆ. ಮೂರನೆಯದೇ. ಸಮ್ಮೆ ಮುಗಿಯುವವರೆಗೆ ಹೈದರಾಬಾದಿನಿಂದ ಬರುವುದಿಲ್ಲ, ಬೀದರಿನ ಒಂದು ಅಂಗಡಿಯಲ್ಲಿ ಇದೆ. ಆ ಅಂಗಡಿಯಿಂದ ನಾಲ್ಕನೆಯ ಬಾಗಿಲೇ ಕಣ್ಣಿನ ಆಸ್ಪತ್ರೆ. ಅಪ್ಪ ಸ್ನಾನಕ್ಕೆ ಹೋದಾಗ ನಾನೇ ಅಂಗಡಿ ತೆರೆದು ಎರಡೂ ಕಡೆ ಫೋನು ಮಾಡಿ ಕೇಳಿಕೊಂಡಿದ್ದೇನೆ. "ಕೈಯಾಗ ಹಿಡದು ನೋಡದ ನಾ ಮಷೀನ್ ತಗೊಳ್ಳಾಂವಲ್ಲ" ಎಂದು ಬೀದರಿಗೆ ಬರಲು ಒಪ್ಪಿದ್ದಾರೆ, ಆಸ್ಪತ್ರೆಯ ವಿಷಯ ಅವರಿಗೆ ಗೊತ್ತಿಲ್ಲ. ನಾನೊಬ್ಬಳೇ ಇದ್ದರೆ ಅದರ ಬಾಗಿಲಲ್ಲಿ ನನ್ನನ್ನು ಗದರಿಸಿ ವಾಪಸು ಹೊರಟುಬಿಡುತ್ತಾರೆ. ನಿನ್ನನ್ನು ಗದರಿಸಲಾರರು. ಈ ಕಾಗದ ತಂದ ಹಣಮಯ್ಯ ನಾಳೆ ಬೆಳಿಗ್ಗೆ ಏಳಕ್ಕೆ ಜೀಪಿನಲ್ಲಿ ಇಲ್ಲಿಗೆ ವಾಪಸು ಹೊರಡುತ್ತಾನೆ, ನಿನಗೆ ಮುಂದಿನ ಸೀಟು ಇಟ್ಟಿರುತ್ತಾನೆ. ಚಿಗವ್ವನ ಹತ್ತಿರ ಎರಡು ದಿನ ಯಾರನ್ನಾದರೂ ಕೂರಿಸಿ ಬಾ. ಮಷೀನು ನೋಡಲು ಬಂದೆ ಅನ್ನು. ನಮ್ಮ ಅಂಗಡಿಗೆ ಬರುವಾಗ ಅಪ್ಪನ ಎಡಗಡೆಯಿಂದ ಬಾ ಅವ್ವಾ. ಬಲಗಡೆಯಿಂದ ಬಂದರೆ ನೀನು ಬಂದದ್ದು ಅವರಿಗೆ ಗೊತ್ತಾಗುವುದಿಲ್ಲ.