ಇಪ್ಪತ್ತೈದು ಡಿಗ್ರಿ

ಮಾರ್ಚ್ 17, ಸೋಮವಾರ

ಇವತ್ತೂ ಬಸ್ಸಿನಲ್ಲಿ ಸೀಟಿಲ್ಲ. ಭದ್ರಾವತಿಯ ಜನ್ನಾಪುರದ ಮನೆಯಿಂದ ಶಿವಮೊಗ್ಗದ ನನ್ನ ರಿಪೇರಿ ಅಂಗಡಿಯವರೆಗೆ ನಿಂತೇ ಬಂದೆ. ರಂಜಾನಿನ ಹದಿನಾರನೆಯ ರೋಜಾ, ಉಪವಾಸ ಬೇರೆ. ಅಂಗಡಿಯ ಶಟರ್ ಎತ್ತುವ ಮೊದಲೇ ಮೂವರು ಲ್ಯಾಪ್‌ಟಾಪ್ ಹಿಡಿದು ನಿಂತಿದ್ದರು. ಮೂರಕ್ಕೂ ಒಂದೇ ಕಾಯಿಲೆ — ಬಿಸಿ. ಅದರಲ್ಲೊಬ್ಬ ದಿಂಬಿನ ಮೇಲಿಟ್ಟುಕೊಂಡು ಸಿನಿಮಾ ನೋಡುತ್ತಾನಂತೆ. ಗಾಳಿ ಹೋಗುವ ದಾರಿಯ ತುಂಬ ಹತ್ತಿ. ಚೆನ್ನಾಗಿ ಬೈದು ಕಳಿಸಿದೆ.

ಸಂಜೆ ಜನಾರ್ದನ ಸರ್ ಬಂದರು. ಪೇಪರಿನಲ್ಲಿ ಸುತ್ತಿದ ಹೊಸ ತಟ್ಟೆ, ನಮ್ಮ ಡಬ್ಬಿಯ ಬಿಸಿಯನ್ನು ಹೊರಗೆ ಬಿಡುವಂಥದ್ದು. ಅಲ್ಯೂಮಿನಿಯಂ, ಹದಿನೆಂಟು ರೆಕ್ಕೆ, ಒಂದೊಂದೂ ಬ್ಲೇಡಿನಷ್ಟು ತೆಳು. ಅರವತ್ತೆಂಟು ವಯಸ್ಸಿನ ಕೈ ಹೊಯ್ದ ಎರಕ ಎಂದರೆ ಯಾರೂ ನಂಬುವುದಿಲ್ಲ. ಮೂವತ್ತೊಂದು ವರ್ಷ ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ಕೆಲಸ. ಈಗ ನ್ಯೂಟೌನಿನ ಮನೆಯ ಹಿಂದೆ ಒಂದು ಶೆಡ್ಡು, ಲೋಹ ಕರಗಿಸುವ ಒಂದು ಮೂಸೆ.

ಪೇಟೆಂಟ್ ಅರ್ಜಿ ಹಾಕಿಕೊಡುವ ಅತುಲ್ ಹೇಳಿದ್ದಾರೆ, ನಿಮ್ಮ ಡಬ್ಬಿ ಏನು ಮಾಡುತ್ತದೆಂದು ಸರಳವಾಗಿ ಬರೆದುಕೊಡಿ ಎಂದು. ಇಲ್ಲೇ ಬರೆದು ನೋಡುತ್ತೇನೆ. ಎಲ್ಲ ಕಂಪ್ಯೂಟರೂ ಬಿಸಿಯಾದ ಮೇಲೆ ಫ್ಯಾನ್ ಜೋರು ಮಾಡುತ್ತವೆ. ಅದೂ ಸಾಲದಿದ್ದರೆ ಆಫ್ ಆಗುತ್ತವೆ. ನಮ್ಮದು ಹಾಗಲ್ಲ. ಯುಪಿಎಸ್‌ಗೂ ಸರ್ವರ್‌ಗೂ ನಡುವೆ ಕೂರುತ್ತದೆ. ತಟ್ಟೆಯ ಅಡಿ ಎಳ್ಳಿನ ಗಾತ್ರದ ಮಣಿ — ಅದೇ ಸೆನ್ಸರ್. ಎಷ್ಟು ಬಿಸಿ ಎಂದಲ್ಲ, ಎಷ್ಟು ಬೇಗ ಏರುತ್ತಿದೆ ಎಂದು ನೋಡುತ್ತದೆ. ಬೇಗ ಏರಿದರೆ ಬೇಡದ ಡಿಸ್ಕುಗಳಿಗೆ ಕರೆಂಟು ಕಡಿಮೆ. ಆಮೇಲೆ ಪ್ರೊಸೆಸರ್ ನಿಧಾನ. ಯಂತ್ರ ನಿಲ್ಲುವುದಿಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

‘ಎಷ್ಟು ಬೇಗ’ ಎಂಬುದು ನನ್ನ ಯೋಚನೆಯಲ್ಲ, ಸರ್ ಅವರದು. ಕುಲುಮೆಯ ಮುಂದೆ ನಿಂತು ಕಲಿತದ್ದು. ಸರ್ಕ್ಯೂಟ್ ಬೋರ್ಡು ಮಾತ್ರ ನನ್ನದು. ಅರ್ಜಿಯಲ್ಲಿ ಎರಡೂ ಹೆಸರು, ಮೊದಲು ಅವರದು. ಇದು ನನ್ನ ಹಟ.

ಮಾರ್ಚ್ 22

ಸರ್ ಒಂದು ರೋಲ್ ಕೆಂಪು ಟೇಪ್ ತಂದುಕೊಟ್ಟರು. ಹಳೆಯದು ಮುಗಿದಿತ್ತು. ಕಾರ್ಖಾನೆಯ ನೇಮವನ್ನು ಎರಡು ವರ್ಷದ ಹಿಂದೆಯೇ ನನ್ನ ಅಂಗಡಿಗೂ ಹಾಕಿದ್ದಾರೆ. ರಿಪೇರಿಗೆಂದು ಯಾವ ರಕ್ಷಣೆಯನ್ನು ತಪ್ಪಿಸಿದರೂ ಅಲ್ಲಿ ಕೆಂಪು ಬಟ್ಟೆ ಕಟ್ಟಬೇಕು; ನನ್ನಲ್ಲಿ ಬಟ್ಟೆಯ ಬದಲು ಟೇಪು. ಕಟ್ಟಿದವರೇ ಬಿಚ್ಚಬೇಕು. ಸರಿಮಾಡಿದ ಮೇಲೆಯೇ ಬಿಚ್ಚಬೇಕು. ಒಮ್ಮೆ ಯಾರೋ ಬಿಚ್ಚಿದ್ದಕ್ಕೆ ಅವರ ಜೊತೆಗಾರನ ಕಾಲು ಹೋಯಿತಂತೆ. ನೂರು ಸಲ ಕೇಳಿದ ಕಥೆ. ಇವತ್ತೂ ಕೇಳಿದೆ.

ಮಾರ್ಚ್ 25, ಮಧ್ಯಾಹ್ನ

ತಲೆ ಸಿಡಿಯುತ್ತಿದೆ. ಮೇಲೆ ಶೀಟು, ಒಳಗೆ ಮೂವತ್ತೊಂಬತ್ತು ಡಿಗ್ರಿ. ಡಬ್ಬಿಯ ಔಟ್‌ಪುಟ್ ಲೈನು ಪರೀಕ್ಷೆ ಮಾಡೋಣವೆಂದರೆ ಈ ಸೆಖೆಯಲ್ಲಿ ತಟ್ಟೆ ಬೇಗ ಬಿಸಿಯೇರಿ, ಮಣಿ ಹೆದರಿ ಕರೆಂಟು ಇಳಿಸುತ್ತಲೇ ಇತ್ತು. ಕೊನೆಗೆ ನಮ್ಮ ರಿಪೇರಿಯವರ ಹಳೇ ಉಪಾಯ — ಮಣಿ ತೆಗೆದು ಆ ಜಾಗಕ್ಕೆ ಹತ್ತು ಕೆ ರೆಸಿಸ್ಟರ್ ಬೆಸುಗೆ ಹಾಕುವುದು. ಆಗ ಹೊರಗೆ ಬೆಂಕಿ ಬಿದ್ದರೂ ಬೋರ್ಡಿನ ಪಾಲಿಗೆ ಇಪ್ಪತ್ತೈದೇ ಡಿಗ್ರಿ. ಇದಕ್ಕೆ ನಾವು ಸುಳ್ಳು ರೆಸಿಸ್ಟರ್ ಅನ್ನುತ್ತೇವೆ. ಕೆಂಪು ಟೇಪ್ ಅಂಟಿಸಿದೆ. ಲೈನೆಲ್ಲ ಸರಿ ಇದೆ.

ಅಷ್ಟರಲ್ಲಿ ಅತುಲ್ ಫೋನು. ಫೋಟೋ ಈಗಲೇ ಬೇಕಂತೆ, ಇವತ್ತೇ. ಕೆಂಪು ಟೇಪು ಅಸಹ್ಯವಾಗಿ ಕಾಣುತ್ತಿತ್ತು. ಕಿತ್ತು ಫೋಟೋ ತೆಗೆದೆ. ಆರು ಫೋಟೋ. ತಟ್ಟೆ ಬೆಳ್ಳಿಯ ಹಾಗೆ ಬಂದಿದೆ. ಸರ್‌ಗೂ ಕಳಿಸಿದೆ. ಇಫ್ತಾರಿಗೆ ಮನೆ ಸೇರಬೇಕು. ಡಬ್ಬಿ ಪ್ಯಾಕ್ ಮಾಡಿಟ್ಟು ಹೊರಟೆ.

ಮಾರ್ಚ್ 27

ಕೂರಿಸಿಯಾಯಿತು! ಶಿವಮೊಗ್ಗದ ಒಂದು ಸ್ಕ್ಯಾನಿಂಗ್ ಸೆಂಟರ್. ಸರ್ವರ್ ಇರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಕಿಟಕಿಯಿಲ್ಲ. ನಮ್ಮ ಡಬ್ಬಿಗೆ ಹೇಳಿ ಮಾಡಿಸಿದ ಜಾಗ. ಮೂರು ತಿಂಗಳ ಟ್ರಯಲ್.

ಅಲ್ಲಿಯ ಆಪರೇಟರ್ ಪುಷ್ಪಾ. ರಾಗಿಗುಡ್ಡದವಳು. ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ರಿಪೋರ್ಟ್ ಟೈಪು ಮಾಡುವ ವೇಗ ನೋಡಿ ದಂಗಾದೆ. ಪರದೆ ನೋಡುತ್ತಾಳೆ, ಕೈ ತನ್ನ ಪಾಡಿಗೆ ಓಡುತ್ತದೆ. ಡಬ್ಬಿಯ ಮೇಲೆ ತೋರುವ ಡಿಗ್ರಿಯ ಅಂಕಿ ದಿನಾ ನೋಡಿ ಹೇಳುತ್ತೇನೆಂದು ತಾನಾಗಿಯೇ ಒಪ್ಪಿಕೊಂಡಳು.

ಮಾರ್ಚ್ 31, ಈದ್

ಸರ್ ಮತ್ತು ಅವರ ಹೆಂಡತಿ ವಿಮಲಮ್ಮ ಬಂದಿದ್ದರು. ಅಮ್ಮಿ ಅವರಿಗೆಂದೇ ಬೇರೆ ಪಾತ್ರೆಯಲ್ಲಿ ಹಾಲು-ಶ್ಯಾವಿಗೆಯ ಶೀರ್ ಖುರ್ಮಾ ಮಾಡಿದ್ದಳು. ಸರ್ ಎರಡು ಬಟ್ಟಲು. ಸಿಹಿ ಸಾಕೆಂದು ವಿಮಲಮ್ಮ ಕಣ್ಣು ಬಿಟ್ಟರೂ ಕೇಳಲಿಲ್ಲ.

ಊಟದ ನಡುವೆ ಪುಷ್ಪಾ ಫೋನು. ಹಬ್ಬದ ಶುಭಾಶಯ ಹೇಳಿ, ಡಬ್ಬಿ ಸೂಪರ್ ಮೇಡಂ, ಯಾವಾಗ ನೋಡಿದರೂ ಇಪ್ಪತ್ತೈದೇ ತೋರಿಸುತ್ತದೆ, ಒಂದು ಡಿಗ್ರಿ ಆಚೀಚೆ ಇಲ್ಲ ಅಂದಳು. ಖುಷಿಯಲ್ಲಿ ಕುಣಿಯುವುದೊಂದು ಬಾಕಿ. ಎಲ್ಲರ ಮುಂದೆ ಹೇಳಿದೆ.

ಸರ್ ಚಮಚ ಕೆಳಗಿಟ್ಟರು. "ಒಂದೇ ಸಮ ಇಪ್ಪತ್ತೈದಾ? ಬಿಸಿ ಅನ್ನೋದು ಹಾಗೆ ನಿಲ್ಲೋದಿಲ್ಲ ಮಾರಾಯ್ತಿ. ಏರ್ತದೆ, ಇಳೀತದೆ. ಒಂದ್ಸಲ ಹೋಗಿ ನೋಡ್ಕೊಂಡು ಬಾ."

ಸಿಟ್ಟು ಬಂತು. ಹಬ್ಬದ ದಿನ, ಎರಡು ವರ್ಷದ ಕೆಲಸ ಗೆದ್ದಿದೆ, ಇವರದೊಂದು ಅನುಮಾನ. ಇದು ನಿಮ್ಮ ಕುಲುಮೆಯಲ್ಲ ಸರ್, ಎಲೆಕ್ಟ್ರಾನಿಕ್ಸು ಅಂದುಬಿಟ್ಟೆ. ಅವರು ನಕ್ಕು ಮತ್ತೆ ಚಮಚ ಎತ್ತಿಕೊಂಡರು. ಅಮ್ಮಿ ಆಮೇಲೆ ಅಡುಗೆಮನೆಯಲ್ಲಿ ನನ್ನ ತೋಳು ಚಿವುಟಿದಳು.

ಏಪ್ರಿಲ್ 9

ಡಬ್ಬಿ ಸುಟ್ಟುಹೋಯಿತು. ಪುಷ್ಪಾಳ ಕೈ —

ಬರೆಯಲಾಗುತ್ತಿಲ್ಲ.

ಏಪ್ರಿಲ್ 11

ಆದದ್ದು ಇಷ್ಟು. ಬುಧವಾರ ಮಧ್ಯಾಹ್ನ ಕರೆಂಟು ಹೋಯಿತು. ಸರ್ವರ್ ಬ್ಯಾಟರಿಯಲ್ಲಿ ಓಡುತ್ತಿತ್ತು. ಒಳಗೆ ಪೇಷೆಂಟ್ ಇದ್ದರು, ಸ್ಕ್ಯಾನ್ ನಿಲ್ಲಿಸಲಿಲ್ಲ. ಗೂಡಿನಲ್ಲಿ ಪ್ಲಾಸ್ಟಿಕ್ ಕರಗುವ ವಾಸನೆ, ಹೊಗೆ. ಪುಷ್ಪಾ ಓಡಿಹೋಗಿ ಡಬ್ಬಿಯನ್ನು ಬಲಗೈಯಲ್ಲಿ ಹಿಡಿದು ಎಳೆದಳಂತೆ. ಕಾದ ತಟ್ಟೆ. ಹಿಡಿದವಳು ಬಿಡದೆ ಹೊರಗೆ ತಂದು ನೆಲಕ್ಕೆ ಎಸೆದಳಂತೆ. ಸರ್ವರ್ ಉಳಿಯಿತು.

ಆಸ್ಪತ್ರೆಗೆ ಹೋಗಿದ್ದೆ. ಅಂಗೈಗೆ ಬೆರಳ ತುದಿಯವರೆಗೆ ಬ್ಯಾಂಡೇಜು. ನನ್ನನ್ನು ನೋಡಿದ್ದೇ ಅವಳು ಅಂದದ್ದು, "ಸಾರಿ ಮೇಡಂ, ನಿಮ್ಮ ಡಬ್ಬಿ ಕೆಳಗೆ ಹಾಕ್ಬಿಟ್ಟೆ." ಬಾಳೆಹಣ್ಣು ಮಂಚದ ಮೇಲಿಟ್ಟು ಹೊರಗೆ ಬಂದು ಅತ್ತೆ.

ಸೆಂಟರಿನವರು ತಟ್ಟೆಯ ನಡುವೆ ಬಿರುಕು ನೋಡಿದ್ದಾರೆ. ಎರಕದಲ್ಲೇ ದೋಷ, ಬಿಸಿ ಹೊರಗೆ ಹೋಗದೆ ಸುಟ್ಟಿತು ಅನ್ನುತ್ತಿದ್ದಾರೆ. ಅತುಲ್ ಕೂಡ ಅದನ್ನೇ ಅಂದರು. ಡಬ್ಬಿಯನ್ನು ಸೆಂಟರಿನವರೇ ಇಟ್ಟುಕೊಂಡಿದ್ದಾರೆ, ಇನ್ಶೂರೆನ್ಸಿನವರು ನೋಡಬೇಕಂತೆ. ಬಿರುಕಿನ ಫೋಟೋ ಸರ್‌ಗೆ ಹೇಗೆ ತೋರಿಸಲಿ ಎಂದು ಯೋಚಿಸುತ್ತಿದ್ದೆ. ಅತುಲ್ ಆಗಲೇ ಕಳಿಸಿದ್ದಾರೆ.

ಏಪ್ರಿಲ್ 26

ಎರಡು ವಾರ ಬರೆದಿಲ್ಲ. ಬರೆಯುವುದೇನಿದೆ.

ಇವತ್ತು ನ್ಯೂಟೌನಿಗೆ ಹೋಗಿದ್ದೆ. ಶೆಡ್ಡಿಗೆ ಬೀಗ. ಸರ್ ಜಗಲಿಯಲ್ಲಿ ಕೂತಿದ್ದರು, ಬಲಗೈ ತೊಡೆಯ ಕೆಳಗೆ. ವಿಮಲಮ್ಮ ಹೇಳಿದರು — ಆ ಫೋಟೋ ಬಂದಾಗಿನಿಂದ ಕಾಫಿ ಲೋಟವನ್ನೂ ಎಡಗೈಯಲ್ಲೇ ಹಿಡಿಯುತ್ತಾರಂತೆ. ಬಲಗೈ ನಡುಗುತ್ತದೆ, ಎರಕ ಹೊಯ್ಯುವಾಗ ನಡುಗಿರಬೇಕು, ನನಗೇ ಗೊತ್ತಾಗಲಿಲ್ಲ ಅನ್ನುತ್ತಾರಂತೆ. ಅವರು ಎದ್ದಾಗ ಆ ಕೈ ನೋಡಿದೆ. ನಡುಗುತ್ತಿರಲಿಲ್ಲ.

ಅರ್ಜಿಯಿಂದ ತಮ್ಮ ಹೆಸರು ತೆಗೆಸು ಎಂದು ಕೇಳಿಕೊಂಡರು. "ಒಂದು ಹುಡುಗಿ ಕೈ ಸುಟ್ಟೋನ ಹೆಸರು ನಿನ್ನ ಹೆಸರಿನ ಪಕ್ಕ ಬೇಡ, ಇರಂ." ಆಗುವುದಿಲ್ಲ ಎಂದು ಜಗಳವಾಡಿದೆ. ತಟ್ಟೆಯಲ್ಲಿ ದೋಷವಿರಲಾರದು ಸರ್ ಅಂದೆ. ಮತ್ತೇನು ಅಂದರು. ಡಬ್ಬಿ ವಾಪಸು ಬರಲಿ, ಬಿಚ್ಚಿ ನೋಡುತ್ತೇನೆ ಅಂದೆ.

ಮೇ 3

ಡಬ್ಬಿ ವಾಪಸು ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ನನ್ನ ಹೆಸರು. ಅಂಗಡಿಯಲ್ಲಿ ಬಿಚ್ಚಿದೆ, ಹನ್ನೊಂದೂವರೆಗೆ. ಬಿರುಕು ನೋಡಿದೆ. ತಟ್ಟೆಯ ಅಂಚು ಜಜ್ಜಿದೆ, ಬಿರುಕು ಅಲ್ಲಿಂದಲೇ ಹೊರಟಿದೆ. ನೆಲಕ್ಕೆ ಬಿದ್ದಾಗ ಆದದ್ದು. ಎರಕ ಗಟ್ಟಿ ಇದೆ. ಖುಷಿಯಾಯಿತು. ಸರ್‌ಗೆ ಫೋನ್ ಮಾಡಲು ಮೊಬೈಲ್ ಎತ್ತಿಕೊಂಡೆ.

ಆಮೇಲೆ ತಟ್ಟೆ ಎತ್ತಿದೆ. ಮಣಿ ಇರಬೇಕಾದ ಜಾಗದಲ್ಲಿ ಮಣಿಯಿಲ್ಲ. ರೆಸಿಸ್ಟರ್. ಅರ್ಧ ಕರಕಲಾಗಿದೆ, ಆದರೂ ಪಟ್ಟೆ ಕಾಣುತ್ತದೆ — ಕಂದು, ಕಪ್ಪು, ಕಿತ್ತಳೆ. ಹತ್ತು ಕೆ. ನನ್ನದೇ ಬೆಸುಗೆ.

ಟೇಪು ಕಿತ್ತದ್ದು ನಾನು. ಫೋಟೋ ಚೆನ್ನಾಗಿ ಬರಲಿ ಎಂದು. ಮಣಿ ವಾಪಸು ಹಾಕಲಿಲ್ಲ. ನೆನಪಿಸಲು ಟೇಪೇ ಇರಲಿಲ್ಲ.

ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತೈದು. ಆ ಹುಡುಗಿ ದಿನಾ ಓದಿ ಹೇಳಿದಳು. ಸರ್ ಬಾಯಿಬಿಟ್ಟು ಕೇಳಿದರು. ನಾನು ಶೀರ್ ಖುರ್ಮಾ ತಿನ್ನುತ್ತಾ ಕೂತಿದ್ದೆ.

ಅಂಗಡಿಯ ಶಟರ್ ಎಳೆದು ಒಳಗೇ ಕೂತೆ.

ಮೇ 4

ಫೋನ್ ಮಾಡಲಿಲ್ಲ. ರೋಜಾ ಇತ್ತು, ತಲೆನೋವಿತ್ತು, ಅತುಲ್ ಅವಸರ ಮಾಡಿದರು… ಥೂ. ರೋಜಾವನ್ನು ಇದಕ್ಕೆ ಎಳೆಯಬೇಡ. ಊರಿಗೆಲ್ಲ ರೋಜಾ ಇತ್ತು.

ಮೇ 5

ಇವತ್ತೂ ಮಾಡಲಿಲ್ಲ.

ಮೇ 8

ಅತುಲ್ ಬಂದಿದ್ದರು. ತಮ್ಮ ಲೆಕ್ಕದಲ್ಲಿ ಒಳ್ಳೆಯ ಸುದ್ದಿ. ತಪ್ಪು ಎರಕದ್ದಾದ್ದರಿಂದ ಬೋರ್ಡಿನ ಮೇಲೆ ಯಾರಿಗೂ ಅನುಮಾನವಿಲ್ಲವಂತೆ. ತಟ್ಟೆ ಬೇರೆ ಕಡೆ ಮಾಡಿಸಿದರಾಯಿತು, ಬೆಂಗಳೂರಿನ ಒಂದು ಕಂಪನಿ ಈಗಲೂ ನೋಡಲು ತಯಾರಂತೆ. ಬೋರ್ಡೇ ಕೈಕೊಟ್ಟಿದ್ದರೆ ಕಥೆ ಮುಗಿಯುತ್ತಿತ್ತು ಮೇಡಂ, ಬಚಾವಾದಿರಿ ಅಂದರು. ಸರ್ ಹೆಸರು ತೆಗೆಯುವ ಕಾಗದ ತಂದಿದ್ದರು. ಸರ್ ಆಗಲೇ ಸಹಿ ಹಾಕಿದ್ದಾರೆ. ಎಡಗೈಯಲ್ಲಿ. ಒಂದನೇ ಕ್ಲಾಸಿನ ಮಕ್ಕಳು ಬರೆದ ಹಾಗೆ ಸೊಟ್ಟ ಅಕ್ಷರ. ನನ್ನ ಸಹಿ ಒಂದು ಬೇಕು.

ನಾಳೆ ಕೊಡುತ್ತೇನೆ ಅಂದೆ. ಇದನ್ನೂ ಬರೆದಿಡಬೇಕು, ಇಲ್ಲದಿದ್ದರೆ ನಾನೇ ಮರೆತ ಹಾಗೆ ನಟಿಸುತ್ತೇನೆ — ಪೆನ್ನು ಎತ್ತಿಕೊಂಡಿದ್ದೆ. ಮುಚ್ಚಳವನ್ನೂ ತೆಗೆದಿದ್ದೆ. ಎರಡು ವರ್ಷದ ಕೆಲಸ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ರೆಸಿಸ್ಟರ್ ಪಟ್ಟೆ ಓದಲು ಅವರಿಗೆ ಯಾರಿಗೂ ಬರುವುದಿಲ್ಲ.

ಮೇ 10, ಶನಿವಾರ

ಬೆಳಿಗ್ಗೆ ವಿಮಲಮ್ಮನ ಫೋನು. ಮೂಸೆ, ಅಚ್ಚಿನ ಪೆಟ್ಟಿಗೆ ಎಲ್ಲ ಗುಜರಿಯವನಿಗೆ ಕೊಡುತ್ತಿದ್ದಾರೆ, ಮಧ್ಯಾಹ್ನ ಗಾಡಿ ಬರುತ್ತದೆ, ನೀನಾದರೂ ಬಂದು ಹೇಳು ಎಂದು ಅತ್ತರು. ಅಂಗಡಿ ತೆಗೆಯಲಿಲ್ಲ. ಮನೆಗೆ ತಂದಿಟ್ಟಿದ್ದ ಬೋರ್ಡು ಚೀಲಕ್ಕೆ ಹಾಕಿಕೊಂಡು ನ್ಯೂಟೌನಿಗೆ ನಡೆದೇ ಹೋದೆ.

ಸರ್ ಅಚ್ಚುಗಳನ್ನು ಗೋಣಿಗೆ ತುಂಬುತ್ತಿದ್ದರು, ಒಂದೇ ಕೈಯಲ್ಲಿ. ಬೋರ್ಡು ಮುಂದಿಟ್ಟು ಎಲ್ಲ ಹೇಳಿದೆ. ಮಣಿ ತೆಗೆದದ್ದು, ಫೋಟೋ, ಪ್ಯಾಕಿಂಗು. ಒಂದು ವಾರದಿಂದ ಗೊತ್ತಿದ್ದೂ ಸುಮ್ಮನಿದ್ದದ್ದು.

ಅವರು ಕೇಳಿದ್ದು ಒಂದೇ. "ಟೇಪು ಅಂಟಿಸಿದ್ಯಾ?"

"ಅಂಟಿಸಿದ್ದೆ ಸರ್. ನಾನೇ ಕಿತ್ತೆ."

"ಸರಿ ಮಾಡದೇನೇ?"

"ಹೌದು."

ಬೋರ್ಡನ್ನು ನನ್ನ ಕಡೆಗೇ ಸರಿಸಿದರು. ಹೊಡೆದಿದ್ದರೂ ಆಗುತ್ತಿತ್ತು. ಆಮೇಲೆ ಬಲಗೈಯನ್ನು ಮುಂದೆ ಚಾಚಿದರು. ಅಂಗೈ ಕೆಳಗೆ ಮಾಡಿ, ಬೆರಳು ಬಿಡಿಸಿ, ನೋಡುತ್ತಾ ಕೂತರು.

"ಹಾಗಾದ್ರೆ ನನ್ನ ಕೈ ಸರಿ ಇದೆ," ಅಂದರು. ನನಗಲ್ಲ, ವಿಮಲಮ್ಮನಿಗೆ. ವಿಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಸರ್ ಗೋಣಿಯ ಬಾಯಿ ಬಿಚ್ಚಿದರು. ಅಚ್ಚುಗಳನ್ನು ಒಂದೊಂದಾಗಿ ಹೊರಗಿಟ್ಟರು, ಬಲಗೈಯಲ್ಲಿ. ನಾನೂ ಕೈ ಹಾಕಲು ಹೋದೆ. ಬೇಡ ಎಂದು ತಲೆಯಾಡಿಸಿದರು. "ಆ ಹುಡುಗಿಗೆ ಹೇಳಿದ್ಯಾ?" ಇಲ್ಲ ಅಂದೆ. "ಮೊದಲು ಅಲ್ಲಿಗೆ ಹೋಗು. ಆಮೇಲೆ ಇಲ್ಲಿಗೆ ಬಾ." ಮುಖ ನೋಡಲಿಲ್ಲ. ಆ ಮನೆಯಲ್ಲಿ ಕಾಫಿ ಕುಡಿಯದೆ ಎದ್ದದ್ದು ಇದೇ ಮೊದಲು.

ಬಸ್‌ಸ್ಟಾಂಡಿನಿಂದ ಅತುಲ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಗದ ಹರಿದುಹಾಕಿ ಅಂದೆ. ಲೈನು ಕಟ್ಟಾಯಿತೋ, ಅವರೇ ಇಟ್ಟರೋ ಗೊತ್ತಿಲ್ಲ.

ಮೇ 11, ಬೆಳಿಗ್ಗೆ 10:40, ರಾಗಿಗುಡ್ಡ

ಪುಷ್ಪಾಳ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಹೆಂಗಸು ಅವಳು ಸ್ನಾನಕ್ಕೆ ಹೋಗಿರಬೇಕು, ಕೂತಿರಿ ಅಂದಳು. ಕೇಳದಿದ್ದರೂ ಹೇಳಿದಳು — ಬ್ಯಾಂಡೇಜು ಬಿಚ್ಚಿದ್ದಾರಂತೆ, ಎರಡು ಬೆರಳು ಮಡಚುತ್ತಿಲ್ಲವಂತೆ, ಸೆಂಟರಿನವರು ಟೈಪಿಂಗಿಗೆ ಬೇರೆಯವರನ್ನು ತೆಗೆದುಕೊಂಡಿದ್ದಾರಂತೆ. ನೀವು ಆ ಡಬ್ಬಿಯ ಮೇಡಂ ಅಲ್ವಾ, ನಿಮ್ಮ ಬಗ್ಗೆ ಯಾವಾಗಲೂ ಒಳ್ಳೆಯದೇ ಹೇಳುತ್ತಾಳೆ ಅಂದಳು.

ಏನು ಹೇಳಬೇಕೆಂದು ಬಸ್ಸಿನಲ್ಲಿ ಮೂರು ಸಲ ಜೋಡಿಸಿಕೊಂಡೆ. ಮೂರೂ ಸಲ ಮೊದಲ ಮಾತು ನನ್ನ ನೆಪವೇ ಆಗಿತ್ತು. ಜೋಡಿಸುವುದು ಬಿಟ್ಟೆ. ಬೋರ್ಡಿನಿಂದ ಬಿಡಿಸಿ ತಂದ ರೆಸಿಸ್ಟರ್ ಮುಷ್ಟಿಯಲ್ಲಿದೆ. ಅವಳು ಸಾರಿ ಮೇಡಂ ಅನ್ನುವ ಮೊದಲು ನಾನು ಬಾಯಿಬಿಡಬೇಕು. ಅಷ್ಟೇ.

ಬಾಗಿಲು ತಟ್ಟಿದೆ. ಬಂದೆ ಅಂದಳು ಪುಷ್ಪಾ. ಒಳಗೆ ಚಿಲಕದ ಸದ್ದು. ಜಾರುತ್ತಿದೆ. ಮತ್ತೆ ಸದ್ದು. ಎಡಗೈಯಲ್ಲಿ ತೆಗೆಯುತ್ತಿರಬೇಕು —