ಮೊದಲ ಸಾಲಿನ ಸೀಟು

ರಾಣೆಬೆನ್ನೂರು
18-3-2006

ದ್ರಾಕ್ಷಾಯಿಣಿ ಅಕ್ಕಗೆ ತಮ್ಮ ಡಾಕಪ್ಪನ ನಮಸ್ಕಾರ.

ಮುಂಬೈಯಿಂದ ನೀನು ಬರೆದ ಕಾಗದ ಬಂತು. ಆಪರೇಶನ್ ಚೆನ್ನಾಗಿ ಆಯಿತು ಅಂತ ಓದಿ ಅವ್ವ ಕಣ್ಣೊರೆಸಿಕೊಂಡಳು. "ವಾಪಸ್ ಬರೂವಾಗ ನಿಮ್ಮ ಮಾವನ ಜೋಡಿ ನಾ ವಿಮಾನ ಹತ್ತಂಗಿಲ್ಲ. ಕರಕೊಂಡು ಹೋಗಾಕ ನೀನ ಬಾ, ನಿನಗ ಎಲ್ಲಾ ಗೊತ್ತೈತಿ" ಎಂಬ ಸಾಲನ್ನು ಮಾತ್ರ ನಾನು ನಾಲ್ಕು ಸಲ ಓದಿದೆ. ಸೈಬರ್ ಕೆಫೆಯಲ್ಲಿ ಕೂತು ವಿಮಾನಗಳ ಬಗ್ಗೆ ಎರಡು ವರ್ಷ ಚಾಟ್ ಮಾಡಿದ್ದು ಸಾರ್ಥಕವಾಯಿತು.

ನಿನ್ನ ಗಂಡನಾದರೂ ಹೇಳುತ್ತೇನೆ, ಮಾವನನ್ನು ನೀನು ಬೈದು ಬರೆದದ್ದು ಕಡಿಮೆಯೇ ಆಯಿತು. ಹುಬ್ಬಳ್ಳಿಯ ಆ ವಿಮಾನಕ್ಕೆ ಸೀಟ್ ನಂಬರ್ ಇಲ್ಲ, ಮೊದಲು ಹತ್ತಿದವರು ಬೇಕಾದಲ್ಲಿ ಕೂರಬೇಕು. ಮಾಲತೇಶ ಮಾವ ಬ್ಯಾಡಗಿ ಬಸ್ಸು ಹತ್ತಿದಂತೆ ಹತ್ತಿ, ಬಾಗಿಲ ಪಕ್ಕದ ಸೀಟಿಗೆ ಟವೆಲ್ ಹಾಕಿದರಂತೆ. ನಾನಿದ್ದಿದ್ದರೆ ನಾಚಿಕೆಯಿಂದ ಅಲ್ಲೇ ಇಳಿದುಬಿಡುತ್ತಿದ್ದೆ. ಆಮೇಲೆ ಟವೆಲ್ಲನ್ನೂ ಎತ್ತಿಕೊಂಡು, ಕೋಲೂರುವ ನಿನ್ನನ್ನು ಆ ಇಕ್ಕಟ್ಟಿನ ದಾರಿಯಲ್ಲಿ ಮೊದಲ ಸಾಲಿನ ತನಕ ನಡೆಸಿದರು. ಅಲ್ಲಿರುವುದು ತುರ್ತು ಬಾಗಿಲು. ಕಾಲು ನೋವಿದ್ದವರನ್ನು ಅಲ್ಲಿ ಕೂರಿಸುವುದಿಲ್ಲ. ತಿರುಗಿ ಬರುವಷ್ಟರಲ್ಲಿ ಉಳಿದದ್ದು ಕಿಟಕಿ ಪಕ್ಕದ ಸೀಟು. ಮಡಚಬಾರದ ಮೊಣಕಾಲು ಮಡಚಿಕೊಂಡು ಒಂದೂವರೆ ತಾಸು ಅಳುತ್ತ ಹೋದಿ.

ಕೆಲಸಕ್ಕೆಂದು ಮಾವ ಗುರುವಾರ ಊರಿಗೆ ಬಂದಾಗ ಮುಖಕ್ಕೇ ಕೇಳಿದೆ. "ವಿಮಾನ ಅಂದ್ರೇನೋ, ರೆಕ್ಕಿ ಹಚ್ಚಿದ ಬಸ್ಸು" ಎಂದರು. ಎಲ್ಲಾ ವಿಮಾನ ಒಂದೇ ಅಲ್ಲ, ಒಂದರಲ್ಲಿ ಸಾಲಿಗೆ ಆರು ಸೀಟು, ಇನ್ನೊಂದರಲ್ಲಿ ನಾಲ್ಕು. ಒಂದರಲ್ಲಿ ಸೀಟಿನಿಂದ ಸೀಟಿಗೆ ಇಪ್ಪತ್ತೊಂಬತ್ತು ಇಂಚು, ಇನ್ನೊಂದರಲ್ಲಿ ಮೂವತ್ತೊಂದು ಎಂದು ತಿಳಿಸಿ ಹೇಳಿದೆ. "ಎರಡ ಇಂಚಿಗೆ ಇಷ್ಟ ಹಾರಾಡ್ತೀಯಲ್ಲೋ. ಕುಪ್ಪೇಲೂರು ಟೆಂಪೋದಾಗ ಮಂದಿ ಒಂಟಿಗಾಲಿನ್ಯಾಗ ಬರ್ತಾರ" ಎಂದು ನಕ್ಕರು. ಇಂಥ ಮಾತಾಡುವವರನ್ನು ಆರ್ಕುಟ್‌ನಲ್ಲಿ ನಾವು ಗುಂಪಿನಿಂದಲೇ ತೆಗೆದುಹಾಕುತ್ತೇವೆ. ಮನೆಯಲ್ಲಿ ಆ ಸೌಲಭ್ಯ ಇಲ್ಲ.

ನಿನ್ನದು ಬಲಗಾಲು. ಎಡಗಡೆಯ ಜೋಡಿ ಸೀಟಿನಲ್ಲಿ ನಡುದಾರಿ ಪಕ್ಕದ್ದನ್ನು ಹಿಡಿದರೆ ಕಾಲು ಚಾಚಲು ಬರುತ್ತದೆ. ಇಪ್ಪತ್ತಾರಕ್ಕೆ ಟಿಕೆಟ್. ನಾಳೆ ಹುಬ್ಬಳ್ಳಿಗೆ ಹೋಗಿ ಮಾಡಿಸುತ್ತೇನೆ. ವಿಮಾನದಲ್ಲಿ ಹಾಕಿಕೊಳ್ಳಲು ಅಂಗಿಯನ್ನು ಇಸ್ತ್ರಿಗೂ ಕೊಟ್ಟಿದ್ದೇನೆ.

ನಿನ್ನ ಕಾಲಿನ ಚಿಂತೆಯಲ್ಲಿರುವ
ಡಾಕಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮರುದಿನ ಬಿಚ್ಚಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಕೂರಿಸಿ ಎಂದು ಕೆಂಪು ಗೀಟು ಹಾಕಿದ ನಕ್ಷೆಯನ್ನು ಮಾವನ ಕೈಗೆ ಕೊಟ್ಟವನು ನಾನು. ಅದು ಮುಂದೆ ಬಾಗಿಲಿರುವ ದೊಡ್ಡ ಜೆಟ್ ವಿಮಾನದ್ದು. ಹುಬ್ಬಳ್ಳಿಯದು ಫ್ಯಾನಿನ ಸಣ್ಣ ವಿಮಾನ, ಬಾಗಿಲು ಬಾಲದ ಹತ್ತಿರ. ನಾನು ಯಾವ ವಿಮಾನವನ್ನೂ ಒಳಗೆ ಹೋಗಿ ನೋಡಿದವನಲ್ಲ. ಇದನ್ನು ಅಕ್ಕನಿಗೆ ಯಾಕೆ ಹೇಳಲಿಲ್ಲ ಅಂತ ನಿನ್ನೆ ರಾತ್ರಿ ಕೇಳಿದರೆ ಮಾವ, "ನಿಮ್ಮಕ್ಕನ ಬೈಗಳ ನನಗ ಅರಗತಾವ, ನಿನಗ ಅರಗಂಗಿಲ್ಲ ಸುಮ್ಮಿರು" ಎಂದರು. ಟಿಕೆಟ್ ಮಾಡಿಸಿಕೊಂಡು ಬಂದೆ. ನಿನ್ನ ಹೆಸರಿನ ಕೆಳಗೆ ಅವರ ಹೆಸರೇ ಬರೆಸಿದ್ದೇನೆ.